ಅಡ್ಡದಾರಿಯೋ, ಒಳದಾರಿಯೋ?

"ಅಪ್ಪಾ, ಆ ಮೌಸ್ ಬಿಡು. ಶಾರ್ಟ್‌ಕಟ್ ಉಪಯೋಗಿಸು" ಎಂದು ನನ್ನ ಮಗಳು ಹೇಳಿದಾಗ ನನಗೆ ಒಳಗೊಳಗೇ ಮುಜುಗರವಾಯಿತು. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಗುಮಾಸ್ತಿಕೆ ಮಾಡಿದವನಿಗೆ ಆ ಮಾತಿನ ಮೇಲೆ ಸಂಶಯ ಸಹಜ. ನಮ್ಮ ಕಚೇರಿಗಳಲ್ಲಿ ಶಾರ್ಟ್‌ಕಟ್ ಎಂದರೆ ಕಡತವು ಒಂದು ಮೇಜನ್ನು ತಪ್ಪಿಸಿ ಮುಂದಿನ ಮೇಜಿಗೆ ಹಾರುವುದು, ಆಡಿಟ್‌ನವರು ಬಂದ ದಿನ ಎರಡು ಮೇಜಿನವರೂ ಬೆವರುವುದು. ಆದರೆ ಮಗಳು ಹೇಳಿದ್ದು ಕಡತದ ವಿಷಯವಲ್ಲ, ಹಾಡಿನ ವಿಷಯ. ನಮ್ಮ ಸಂಘದ ರಾಜ್ಯೋತ್ಸವಕ್ಕೆಂದು ಧ್ವನಿಮುದ್ರಿಸಿದ ಹಾಡುಗಳನ್ನು ನಾನು ಮನೆಯ ಲ್ಯಾಪ್‌ಟಾಪಿನಲ್ಲಿ ತಿದ್ದುತ್ತ ಕುಳಿತಿದ್ದೆ. ಅದರಿಂದ ಹುಟ್ಟಿದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಅದನ್ನು ಓದುಗರ ಮುಂದಿಡುವುದಕ್ಕಾಗಿ ಈ ಬರಹ.

ಇಂಗ್ಲಿಷಿನವರಿಗೆ ಶಾರ್ಟ್‌ಕಟ್ ಎಂಬ ಒಂದೇ ಪದ ಸಾಕು. ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ಅವರಿಗೆ ಅಡ್ಡದಾರಿ ಬೇರೆ, ಒಳದಾರಿ ಬೇರೆ. ಮಗ ಅಡ್ಡದಾರಿ ಹಿಡಿದನೆಂದು ಕೇಳಿದರೆ ತಾಯಿ ಕಣ್ಣೀರು ಹಾಕುತ್ತಾಳೆ. ಮಗ ಒಳದಾರಿಯಲ್ಲಿ ಬಂದನೆಂದರೆ, ಊಟದ ಹೊತ್ತಿಗೆ ಬಂದೆಯಲ್ಲ ಎಂದು ತಟ್ಟೆ ಹಾಕುತ್ತಾಳೆ. ಎರಡೂ ದೂರವನ್ನು ಕಡಿಮೆ ಮಾಡುವ ದಾರಿಗಳೇ. ಹಾಗಾದರೆ ಒಂದು ತಪ್ಪು, ಇನ್ನೊಂದು ತಪ್ಪಲ್ಲ ಎಂದು ಹೇಳುವುದು ಯಾವ ಆಧಾರದ ಮೇಲೆ?

ಮೊದಲು ಈ ಕೀಲಿಗಳ ಪರಿಚಯ ಮಾಡಿಕೊಡಬೇಕು. ಹಾಡನ್ನು ಮುದ್ರಿಸಿ ತಿದ್ದುವ ತಂತ್ರಾಂಶಗಳು ಈಗ ಹಲವಾರಿವೆ. ನಾನು ಉಪಯೋಗಿಸುವುದು ಅಡಾಸಿಟಿ ಎಂಬುದು. 2000ದಲ್ಲಿ ಹೊರಬಂದ ಇದಕ್ಕೆ ಹಣ ಕೊಡಬೇಕಾಗಿಲ್ಲ. ನನ್ನ ಆಯ್ಕೆಗೆ ಮುಖ್ಯ ಕಾರಣ ಅದೇ. ಪರದೆಯ ಮೇಲೆ ಧ್ವನಿಯು ಬೆಟ್ಟದ ಸಾಲಿನಂತೆ ಕಾಣುತ್ತದೆ. ಮೌಸ್ ಹಿಡಿದು ಪಟ್ಟಿಯಿಂದ ಪಟ್ಟಿಗೆ ಹುಡುಕುತ್ತ ಹೋದರೆ ಒಂದು ಕೆಲಸಕ್ಕೆ ಅರ್ಧ ನಿಮಿಷ. ಕೀಲಿಮಣೆಯಲ್ಲಾದರೆ ಆರ್ ಒತ್ತಿದರೆ ಮುದ್ರಣ ಆರಂಭ, ಸ್ಪೇಸ್ ಒತ್ತಿದರೆ ಹಾಡು ಶುರು, ಮತ್ತೆ ಒತ್ತಿದರೆ ನಿಲುಗಡೆ. ಕಂಟ್ರೋಲ್ ಕೀಲಿಯ ಜೊತೆ ಎ ಒತ್ತಿದರೆ ಹಾಡೆಲ್ಲ ಆಯ್ಕೆ, ಝಡ್ ಒತ್ತಿದರೆ ಈಗ ಮಾಡಿದ್ದು ರದ್ದು, ಆರ್ ಒತ್ತಿದರೆ ಹಿಂದೆ ಮಾಡಿದ ಸಂಸ್ಕಾರವೇ ಮತ್ತೊಮ್ಮೆ. ಈ ಕಡೆಯ ಕೀಲಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಎಡವಿದ್ದು ಅಲ್ಲಿಯೇ.

ಕತ್ತರಿಸು, ಅಂಟಿಸು ಎಂಬ ಮಾತುಗಳು ಬರಿಯ ಅಲಂಕಾರವಲ್ಲ. ಟೇಪಿನ ಕಾಲದಲ್ಲಿ ಧ್ವನಿಮುದ್ರಣ ಮಂದಿರದವರು ನಿಜವಾಗಿಯೂ ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕೊಯ್ದು, ತುದಿಗೆ ತುದಿ ಸೇರಿಸಿ, ಅಂಟುಪಟ್ಟಿ ಹಚ್ಚುತ್ತಿದ್ದರು. ಕೊಯ್ದದ್ದು ಕೊಯ್ದಂತೆಯೇ. ಆದ್ದರಿಂದ ಬ್ಲೇಡು ಇಡುವ ಮೊದಲು ರೀಲನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಆಡಿಸಿ, ಕತ್ತರಿಸಬೇಕಾದ ಜಾಗ ಇದೇ ಎಂದು ಕಿವಿ ಒಪ್ಪುವವರೆಗೆ ಕೇಳುತ್ತಿದ್ದರು. ಬರಹದಲ್ಲಿ ಈ ಕತ್ತರಿ-ಗೋಂದಿನ ಕೆಲಸವನ್ನು ಕಂಪ್ಯೂಟರಿಗೆ ತಂದವರಲ್ಲಿ ಪ್ರಮುಖರು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಲ್ಯಾರಿ ಟೆಸ್ಲರ್. ಅವರು 2020ರಲ್ಲಿ ತೀರಿಕೊಂಡರು. ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಕೀಲಿಗಳು ಕೆಳಸಾಲಿನ ಎಡಮೂಲೆಯಲ್ಲಿ ಒತ್ತಿನಲ್ಲೇ ಇವೆ. ರದ್ದು, ಕತ್ತರಿ, ನಕಲು, ಅಂಟು ಎಂಬ ನಾಲ್ಕು ಕೆಲಸಗಳೂ ಎಡಗೈಯ ಬೆರಳಿಗೆ ಹೊಂದಿಕೊಂಡಂತೆ ಸಿಗುತ್ತವೆ.

ಇದರಲ್ಲಿ ತಪ್ಪೇನು? ನಮ್ಮ ಪೀಳಿಗೆಯ ಅನೇಕರಿಗೆ ಒಂದು ನಂಬಿಕೆ ಇದೆ: ಕಷ್ಟಪಟ್ಟು ಮಾಡಿದ್ದಕ್ಕೆ ಮಾತ್ರ ಬೆಲೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ, ಉಪೇಂದ್ರಕುಮಾರ್ ಅವರ ಸಂಗೀತ ನಿರ್ದೇಶನದಲ್ಲಿ, ಒಂದೇ ದಿನ 21 ಕನ್ನಡ ಹಾಡುಗಳನ್ನು ಹಾಡಿ ಮುಗಿಸಿದ್ದು ಪ್ರಸಿದ್ಧ ಸಂಗತಿ. ಆಂಧ್ರದ ನೆಲ್ಲೂರಿನ ಕಡೆಯ ಆ ಮಹನೀಯರ ಕನ್ನಡದ ಉಚ್ಚಾರಣೆಯನ್ನು ನಾವು ಇಲ್ಲಿ ನೆರೆಹೊರೆಯ ತೆಲುಗರ ಮುಂದೆ ಹೆಮ್ಮೆಯಿಂದ ಹೊಗಳುವುದುಂಟು. ಆಗ ಈಗಿನಂತೆ ತಪ್ಪಿದ ಒಂದು ಅಕ್ಷರವನ್ನು ಎತ್ತಿ ಬೇರೊಂದನ್ನು ಕೂರಿಸುವ ಸೌಲಭ್ಯವಿರಲಿಲ್ಲ. ಅಂಥ ಸಾಧನೆಯ ಪಕ್ಕದಲ್ಲಿ ನಮ್ಮ ಝಡ್ ಕೀಲಿ ಹೇಡಿಯ ಆಯುಧದಂತೆ ಕಾಣುವುದು ಸಹಜವೇ.

ಆದರೆ ಸುಲಭವಾದದ್ದೆಲ್ಲ ಹೀನ ಎಂಬ ವಾದವನ್ನು ನಾವು ಹಿಂದೆಯೂ ಕೇಳಿದ್ದೇವೆ. ಕೀಲಿ ಒತ್ತಿದರೆ ಸ್ವರ ಬರುವ ಹಾರ್ಮೋನಿಯಂ ನಮ್ಮ ಸಂಗೀತದ ಗಮಕಕ್ಕೆ, ಶ್ರುತಿಯ ಸೂಕ್ಷ್ಮಕ್ಕೆ ಹೊಂದದೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. 1971ರಲ್ಲಿ ನಿರ್ಬಂಧ ಸಡಿಲವಾಯಿತು. ನಡುವಣ ಮೂವತ್ತು ವರ್ಷ ನಮ್ಮ ಉತ್ತರ ಕರ್ನಾಟಕದ ಮಠಗಳಲ್ಲಿ, ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಸುಮ್ಮನಿರಲಿಲ್ಲ. ಗಮಕ ಬರುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿತ್ತು. ಆದರೆ ಬೆರಳಿಗೆ ಸುಲಭವೆಂದ ಮಾತ್ರಕ್ಕೆ ವಿದ್ಯೆ ಕೀಳಾಗಲಿಲ್ಲ. ನಮ್ಮ ವೃತ್ತಿಯ ಶೀಘ್ರಲಿಪಿಯನ್ನೇ ನೋಡಿ. ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಆ ಗೆರೆಗಳ ಲಿಪಿ ಸಹ ಒಂದು ಶಾರ್ಟ್‌ಕಟ್ಟೇ. ಸಾಹೇಬರು ಹೇಳಿದ್ದನ್ನು ಅಕ್ಷರ ಅಕ್ಷರವಾಗಿ ಬರೆಯದೆ ಗೆರೆಯಲ್ಲಿ ಹಿಡಿದ ಸ್ಟೆನೋಗ್ರಾಫರನ್ನು ಯಾರೂ ಕಳ್ಳನೆನ್ನಲಿಲ್ಲ. ಅವನು ಕೈಗೆ ಬಿಡುವು ಕೊಟ್ಟ, ಕಿವಿಗೆ ಕೊಡಲಿಲ್ಲ.

ಹೀಗೆಲ್ಲ ಸಮಾಧಾನ ಹೇಳಿಕೊಂಡು ನಾನು ಕೀಲಿಗಳನ್ನು ಕಲಿತೆ. ವಿಜ್ಞಾನ ಪದವೀಧರನಾದ್ದರಿಂದ ಒಂದು ಚೀಟಿಯಲ್ಲಿ ಕೋಷ್ಟಕ ಮಾಡಿ ಗೋಡೆಗೆ ಅಂಟಿಸಿದೆ. ಹದಿನೈದು ದಿನದಲ್ಲಿ ಕೈ ಕುದುರಿತು. ಕೈ ಕುದುರಿದಾಗಲೇ ತಲೆ ತಿರುಗುವುದು.

ಮಧುರವಾಡದಲ್ಲಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ಸಂಘದ ಹಿರಿಯ ಸದಸ್ಯರೊಬ್ಬರಿದ್ದಾರೆ. ಅವರ ತಾಯಿಗೆ ಎಂಬತ್ತು ದಾಟಿದೆ. ಹಾಸನದ ಕಡೆಯವರು, ಮಗನ ಜೊತೆ ಇಲ್ಲಿಗೆ ಬಂದು ಹತ್ತು ವರ್ಷವಾದರೂ ತೆಲುಗಿನಲ್ಲಿ ತರಕಾರಿಯವನೊಡನೆ ಜಗಳವಾಡುವಷ್ಟೇ ಕಲಿತಿದ್ದಾರೆ. ಒಂದು ದಿನ ಮಾತಿನ ನಡುವೆ ಬೀಸುವ ಕಲ್ಲಿನ ಪದವೊಂದನ್ನು ಹೇಳಿದರು. ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ವಿಷಯ ತಂದೆ. ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಇದನ್ನು ಕೇಳಿಸಬೇಕು, ಪ್ರತಿ ಮನೆಗೂ ಒಂದು ಪ್ರತಿ ಕೊಡಬೇಕು ಎಂದು ತೀರ್ಮಾನವಾಯಿತು. ಮೂರು ಭಾನುವಾರ ಹೋಗಿ ನನ್ನ ಫೋನಿನಲ್ಲಿ ಹನ್ನೊಂದು ಹಾಡು ಮುದ್ರಿಸಿಕೊಂಡೆ. ಫ್ಲಾಟಿನಲ್ಲಿ ಬೀಸುವ ಕಲ್ಲು ಎಲ್ಲಿ ಬರಬೇಕು? ಅಜ್ಜಿ ನೆಲದ ಮೇಲೆ ಕಾಲು ಚಾಚಿ, ಇಲ್ಲದ ಗೂಟವನ್ನು ಹಿಡಿದು ಕೈ ತಿರುಗಿಸುತ್ತ ಹಾಡಿದರು.

ಒಟ್ಟು 52 ನಿಮಿಷವಾಯಿತು. ಸಮಿತಿಯವರು ಕಾರ್ಯಕ್ರಮದಲ್ಲಿ ಕೊಟ್ಟದ್ದು 40 ನಿಮಿಷ. ಹಾಡಿನ ನಡುನಡುವೆ ಅಜ್ಜಿ ನಿಲ್ಲಿಸುತ್ತಿದ್ದರು: ಎರಡು ಸಾಲಿಗೊಮ್ಮೆ ಒಂದೆರಡು ಸೆಕೆಂಡು ಮೌನ, ಒಂದು ಉಸಿರು, ಮತ್ತೆ ಹಾಡು. ವಯಸ್ಸಾಯಿತಲ್ಲ, ಆಯಾಸ ಎಂದುಕೊಂಡೆ. ಅಡಾಸಿಟಿಯಲ್ಲಿ ಮೌನವನ್ನು ಮೊಟಕು ಮಾಡುವ ಒಂದು ಸಂಸ್ಕಾರವಿದೆ. ಇಂತಿಷ್ಟಕ್ಕಿಂತ ಮೆಲ್ಲಗಿರುವುದೆಲ್ಲ ಮೌನ, ಅರ್ಧ ಸೆಕೆಂಡಿಗಿಂತ ಉದ್ದವಿದ್ದರೆ ಅರ್ಧಕ್ಕೇ ಇಳಿಸು ಎಂದು ಹೇಳಿದರೆ ಅದು ಶಿಸ್ತಾಗಿ ಮಾಡುತ್ತದೆ. ಮೊದಲ ಹಾಡಿಗೆ ಮಾಡಿ, ಅರ್ಧ ನಿಮಿಷ ಕೇಳಿದೆ. ಚುರುಕಾಗಿತ್ತು. ಉಳಿದ ಹತ್ತು ಹಾಡನ್ನು ಒಂದೊಂದಾಗಿ ತೆರೆದು ಕಂಟ್ರೋಲ್-ಎ, ಕಂಟ್ರೋಲ್-ಆರ್, ಕಂಟ್ರೋಲ್-ಎಸ್. ಎಲ್ಲ ಆಯ್ಕೆ, ಹಿಂದಿನದೇ ಮತ್ತೊಮ್ಮೆ, ಉಳಿಸು. ಹತ್ತು ಹಾಡಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. 52 ನಿಮಿಷ 41 ಆಯಿತು. ಒಂದು ನಿಮಿಷವನ್ನು ಸಮಿತಿ ಸಹಿಸಿಕೊಳ್ಳುತ್ತದೆ ಎಂದು ಹಿಗ್ಗಿ, ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ಮುದ್ರಣಗಳನ್ನು ಅಂದೇ ರಾತ್ರಿ ಅಳಿಸಿದೆ. ಲ್ಯಾಪ್‌ಟಾಪು ಮುಚ್ಚಿ ಮಲಗಿದೆ.

ಇಲ್ಲಿ ಒಂದು ಮಾತು. ರದ್ದು ಮಾಡುವ ಝಡ್ ಕೀಲಿಗೆ ನೆನಪಿರುವುದು ತಂತ್ರಾಂಶ ತೆರೆದಿರುವ ತನಕ ಮಾತ್ರ. ಮುಚ್ಚಿದರೆ ಮಾಡಿದ್ದೆಲ್ಲ ಕಾಯಂ.

ಹಾಡುಗಳಿಗೆ ಕೊನೆಯ ಹೊಳಪು ಕೊಡಿಸಲೆಂದು ಮುಂದಿನ ವಾರ ಒಬ್ಬ ತರುಣನ ಬಳಿಗೆ ಹೋದೆ. ಗದಗಿನ ಕಡೆಯ ಹುಡುಗ, ವಿಶಾಖಪಟ್ಟಣದ ಬ್ಯಾಂಕೊಂದರಲ್ಲಿ ಕೆಲಸ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಕನ್ನಡಿಗರಿಲ್ಲ. ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರೇ. ಆ ಊರ ಗಾಳಿಯಲ್ಲಿ ಬೆಳೆದ ಹುಡುಗನಿಗೆ ಹಾಡು ಒಲಿದಿತ್ತೆಂದರೆ ಆಶ್ಚರ್ಯವಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ. ಅವನ ಮೇಜಿನ ಮೇಲೆ ಮೌಸೇ ಇರಲಿಲ್ಲ.

ಯೋಚಿಸಿ ನೋಡಿದರೆ ಇರಬೇಕಾಗಿಯೂ ಇಲ್ಲ. ಪರದೆಯ ಮೇಲಿನ ಬಾಣ ಕಾಣದವನಿಗೆ ಮೌಸ್ ಏತಕ್ಕೆ? ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅವನ ಕಿವಿಯಲ್ಲಿ ಗುಣುಗುಟ್ಟುತ್ತಿತ್ತು. 2006ರಲ್ಲಿ ಅದನ್ನು ಆರಂಭಿಸಿದ ಆಸ್ಟ್ರೇಲಿಯದ ಮೈಕೇಲ್ ಕರನ್ ಸಹ ಅಂಧರು. ಅವರೊಡನೆ ದುಡಿದ ಜೇಮ್ಸ್ ಟೇ ಅವರೂ ಅಂಧರೇ. ರೀಪರ್ ಎಂಬ ಸಂಗೀತ ತಂತ್ರಾಂಶವನ್ನು ಕಣ್ಣಿಲ್ಲದವರು ಕೀಲಿಮಣೆಯಿಂದಲೇ ನಡೆಸಲು ಅನುವಾಗುವಂತೆ ಒಸಾರಾ ಎಂಬ ಜೋಡಣೆಯನ್ನು ರೂಪಿಸುವುದರಲ್ಲಿ ಟೇ ಮುಂದಾಳು. ನಮ್ಮ ಹುಡುಗ ಸ್ಪೇಸ್ ಒತ್ತಿ ಕೇಳುತ್ತಾನೆ, ನಿಲ್ಲಿಸುತ್ತಾನೆ, ಬಾಣದ ಕೀಲಿಯಿಂದ ಕೂದಲೆಳೆಯಷ್ಟು ಹಿಂದೆ ಸರಿಯುತ್ತಾನೆ, ಮತ್ತೆ ಕೇಳುತ್ತಾನೆ, ಆಮೇಲೆ ಎಸ್ ಒತ್ತಿ ಅಲ್ಲಿಗೆ ಸೀಳುತ್ತಾನೆ. ಟೇಪಿನ ರೀಲನ್ನು ಕೈಯಲ್ಲಿ ಆಡಿಸುತ್ತಿದ್ದವರ ಹಾಗೆಯೇ. ನಾನು ಶಾರ್ಟ್‌ಕಟ್ ಎನ್ನುತ್ತಿದ್ದದ್ದು ಅವನಿಗೆ ರಾಜಮಾರ್ಗ. ಅದನ್ನು ಬಿಟ್ಟರೆ ಅವನಿಗೆ ಬೇರೆ ದಾರಿಯೇ ಇಲ್ಲ.

ಪಿಟೀಲಿನ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ ನೆನಪಾಯಿತು. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇದೇ ವಿಶಾಖಪಟ್ಟಣದಲ್ಲಿ ಬೆಳೆದು, ಇಲ್ಲಿಂದ ಗಂಟೆಯ ದಾರಿಯ ವಿಜಯನಗರದ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರ ದೃಷ್ಟಿ ಮಂದವಾಗಿತ್ತು. ಪಿಟೀಲಿನಲ್ಲಿ ಮೆಟ್ಟಿಲುಗಳಿಲ್ಲ, ಗುರುತುಗಳಿಲ್ಲ. ಬೆರಳು ನೇರವಾಗಿ ಸ್ವರದ ಮೇಲೆ ಹೋಗಿ ಕೂರಬೇಕು. ಸಾವಿರ ಸಲ ಕೇಳಿ ತಿದ್ದಿಕೊಂಡ ಬೆರಳಿಗೆ ಮಾತ್ರ ಆ ಹತ್ತಿರದ ದಾರಿ ಸಿಗುತ್ತದೆ. ನಾವು ಕೈವಶ ಎನ್ನುವುದು ಅದನ್ನೇ.

ಹುಡುಗ ನನ್ನ ಮೊದಲ ಹಾಡನ್ನು ಪೂರ್ತಿ ಕೇಳಿದ. ಎರಡನೆಯದನ್ನೂ ಕೇಳಿದ. ಆಮೇಲೆ ಮೆಲ್ಲಗೆ, "ಸರ್, ಅಜ್ಜಿ ಉಸಿರು ತಗೊಳ್ಳೂದೇ ಇಲ್ಲೇನ್ರಿ?" ಎಂದ.

ನನಗೆ ಮಾತು ಹೊರಡಲಿಲ್ಲ. ಮೂಲ ಕೊಡಿ, ನೋಡೋಣ ಎಂದ. ಮೂಲವಿಲ್ಲ ಎಂದೆ. ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದರೆ ಮಗಳೂ ಅದನ್ನೇ ಕೇಳಿದಳು: "ಅಪ್ಪಾ, ಮೂಲ ಇಟ್ಕೊಂಡಿದೀಯ ತಾನೆ?"

ಅಜ್ಜಿಯ ಬಳಿಗೇ ಹೋಗಿ ತಪ್ಪೊಪ್ಪಿಕೊಂಡೆ. ನನ್ನ ತಿದ್ದಿದ ಹಾಡನ್ನು ಕೇಳಿಸಿದೆ. ಅವರು ಅಭ್ಯಾಸಬಲದಿಂದ ಕೈ ತಿರುಗಿಸತೊಡಗಿದರು. ಎರಡು ಸಾಲಿಗೆ ಕೈ ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ನಿಲ್ಲಿಸಿ ನಕ್ಕುಬಿಟ್ಟರು. "ಇದೇನಪ್ಪಾ, ಕಾಳು ಹಾಕೋಕೇ ಬಿಡಲಿಲ್ಲವಲ್ಲ ನೀನು! ಕಾಳು ಹಾಕದೆ ಬೀಸಿದರೆ ಕಲ್ಲು ಸವೆಯುತ್ತೆ ಅಷ್ಟೆ, ಹಿಟ್ಟು ಬರಲ್ಲ" ಎಂದರು.

ಆಗ ತಿಳಿಯಿತು. ಆ ಮೌನ ಆಯಾಸವಲ್ಲ. ಬಲಗೈ ಕಲ್ಲು ತಿರುಗಿಸುತ್ತಿರುವಾಗ ಎಡಗೈ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುವ ಹೊತ್ತು ಅದು. ಐವತ್ತು ವರ್ಷದಿಂದ ಕಲ್ಲು ಮುಟ್ಟದಿದ್ದರೂ ಹಾಡಿನೊಳಗೆ ಆ ಹಿಡಿ ರಾಗಿಯ ಜಾಗ ಹಾಗೆಯೇ ಇತ್ತು. ನಾನು ಉಳಿಸಿದೆನೆಂದು ಹಿಗ್ಗಿದ ಹನ್ನೊಂದು ನಿಮಿಷವೆಂದರೆ ಅದೇ.

ಮತ್ತೆ ಎರಡು ಭಾನುವಾರ ಕುಳಿತು ಹಾಡಿಸಿಕೊಂಡೆ. ಹತ್ತು ಹಾಡು ಸಿಕ್ಕವು. ಹನ್ನೊಂದನೆಯದು ಅಜ್ಜಿಗೆ ಪೂರ್ತಿ ನೆನಪಾಗಲಿಲ್ಲ. ಮೊದಲ ಸಲ ಅದು ಹೇಗೆ ನಾಲಿಗೆಗೆ ಬಂತೋ ಅವರಿಗೇ ತಿಳಿಯದು. ತಿದ್ದಿದ ಹಾಡನ್ನೇ ಮತ್ತೆ ಮತ್ತೆ ಕೇಳಿಸಿದೆ. "ಮಾತು ಇವೇ ಕಣಪ್ಪಾ, ಆದರೆ ದಾಟಿ ಕೈಗೆ ಹತ್ತುತ್ತಿಲ್ಲ" ಎಂದು ಬಿಟ್ಟರು. ಹುಡುಗ ಮೌನಗಳನ್ನು ಅಂದಾಜಿನ ಮೇಲೆ ಮತ್ತೆ ಸೇರಿಸಿಕೊಡಬಲ್ಲೆನೆಂದ. ಅಂದಾಜಿನ ಉಸಿರು ಬೇಡವೆಂದೆ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಹುಡುಗನೂ ಕೀಲಿ ಒತ್ತಿದ, ನಾನೂ ಒತ್ತಿದೆ. ಅವನು ಮಾಡಿದ್ದು ಒಳದಾರಿ, ನಾನು ಹಿಡಿದದ್ದು ಅಡ್ಡದಾರಿ. ವ್ಯತ್ಯಾಸ ಕೀಲಿಯಲ್ಲಿಲ್ಲ, ಉಳಿದ ಸಮಯದಲ್ಲಿಯೂ ಇಲ್ಲ. ಅವನು ಕೇಳಿದ ಮೇಲೆ ಒತ್ತಿದ, ನಾನು ಕೇಳುವುದರ ಬದಲು ಒತ್ತಿದೆ. ಕೈಯ ಶ್ರಮವನ್ನು ಉಳಿಸುವ ದಾರಿ ಒಳದಾರಿ. ಗಮನವನ್ನೇ ಉಳಿಸಿಬಿಡುವ ದಾರಿ ಅಡ್ಡದಾರಿ. ಒಳದಾರಿಯಲ್ಲಿ ಬಂದವನು ಊರನ್ನು ತಪ್ಪಿಸುವುದಿಲ್ಲ, ಸುತ್ತನ್ನು ಮಾತ್ರ ತಪ್ಪಿಸುತ್ತಾನೆ. ನಾನು ಊರನ್ನೇ ತಪ್ಪಿಸಿದೆ.

ಸಂಗೀತ ತಂತ್ರಾಂಶಗಳಲ್ಲಿ ಎರಡು ಬಗೆಯ ಕೀಲಿಗಳೂ ಪಕ್ಕಪಕ್ಕದಲ್ಲಿಯೇ ಇವೆ. ಕ್ಯೂಬೇಸ್ ಎಂಬುದರಲ್ಲಿ ಕ್ಯೂ ಒತ್ತಿದರೆ ಕೀಬೋರ್ಡಿನಲ್ಲಿ ನುಡಿಸಿ ಮುದ್ರಿಸಿದ ಸ್ವರಗಳೆಲ್ಲ ತಾಳದ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಹಿಂದೆ ಎಳೆದದ್ದು, ಮುಂದೆ ಜಿಗಿದದ್ದು ಯಾವುದೂ ಉಳಿಯದು. ಅನನುಭವಿಯ ತಪ್ಪನ್ನು ಅದು ತಿದ್ದುತ್ತದೆ. ಅನುಭವಿಯ ಸೊಗಸನ್ನೂ ತಿದ್ದಿಬಿಡುತ್ತದೆ. ಯಾವುದು ತಪ್ಪು, ಯಾವುದು ಸೊಗಸು ಎಂದು ತಿಳಿಯುವುದು ಕೀಲಿಯ ಕೆಲಸವಲ್ಲ. ಆ ನಿರ್ಣಯವನ್ನು ಅದಕ್ಕೆ ಒಪ್ಪಿಸಿದವರದು ಹೊಣೆ. ಭಾಷಣವೊಂದರ ಮೌನವನ್ನು ಮೊಟಕು ಮಾಡಿದರೆ ಕೇಳುಗರು ಕೈಮುಗಿದಾರು. ಅದೇ ಕೀಲಿ ಬೀಸುವ ಪದಕ್ಕೆ ಕತ್ತಿ.

ಎರಡನೆಯ ತಪ್ಪು ಮೂಲವನ್ನು ಅಳಿಸಿದ್ದು. ಇದನ್ನು ನೆನೆದರೆ ನನಗೆ ನಾಚಿಕೆ ಹೆಚ್ಚು, ಏಕೆಂದರೆ ನನ್ನ ವೃತ್ತಿ ನನಗೆ ಬೇರೆಯದನ್ನೇ ಕಲಿಸಿತ್ತು. ಸೇವಾ ಪುಸ್ತಕದಲ್ಲಿ ಒಂದು ದಿನಾಂಕ ತಪ್ಪಾದರೆ ಕೆರೆದು ಅಳಿಸುವಂತಿಲ್ಲ, ಅದರ ಮೇಲೆಯೇ ತಿದ್ದಿ ಬರೆಯುವಂತಿಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಅಧಿಕಾರಿಯ ಸಹಿ ಹಾಕಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಬರಿಯ ಕಾಗದದ ಕಾಟವೆನಿಸುತ್ತಿತ್ತು. ಈಗ ಅದರ ಹಿಂದಿನ ವಿನಯ ಕಾಣುತ್ತದೆ: ತಿದ್ದುವವನೂ ತಪ್ಪಬಹುದು, ಆದ್ದರಿಂದ ಮುಂದೆ ಬರುವವನಿಗೆ ಹಳೆಯದು ಕಾಣುತ್ತಿರಲಿ. ರದ್ದು ಮಾಡುವ ಕೀಲಿ ಇದೆಯೆಂಬ ಧೈರ್ಯದಲ್ಲಿ ನಾವು ಈ ವಿನಯವನ್ನು ಬಿಟ್ಟುಬಿಡುತ್ತೇವೆ. ಆ ಕೀಲಿ ಅಂದಿನ ರಾತ್ರಿಯವರೆಗೆ ಮಾತ್ರ ಎಂಬುದು ಆಮೇಲೆ ಗೊತ್ತಾಗುತ್ತದೆ.

ಸಮಿತಿ ಈಗ 52 ನಿಮಿಷಕ್ಕೂ ಒಪ್ಪಿದೆ. ಹುಡುಗ ಹತ್ತು ಹಾಡುಗಳನ್ನು ಸಿದ್ಧಪಡಿಸುತ್ತಿದ್ದಾನೆ. ಬೀದಿಯ ಹಾರ್ನು, ಫ್ಯಾನಿನ ಸದ್ದು ಇವನ್ನಷ್ಟೇ ತೆಗೆಯುತ್ತಾನೆ. ಸಭೆಯಲ್ಲಿ ಹಾಡು ನಡುವೆ ನಿಂತರೆ ಯಂತ್ರ ಕೆಟ್ಟಿತೆಂದು ಯಾರೂ ಏಳಬಾರದಾಗಿ ವಿನಂತಿ. ಅಲ್ಲಿ ಅಜ್ಜಿ ರಾಗಿ ಹಾಕುತ್ತಿರುತ್ತಾರೆ.

ಕೊನೆಯದಾಗಿ ಓದುಗ ಬಾಂಧವರಲ್ಲಿ ಎರಡು ಮಾತು. ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಇದೇ ಭಾನುವಾರ ಕೂಡಿಸಿ ಮುದ್ರಿಸಿಕೊಳ್ಳಿ. ಕೆಮ್ಮಿದರೆ ಕೆಮ್ಮಲಿ, ನಿಲ್ಲಿಸಿದರೆ ನಿಲ್ಲಿಸಲಿ. ತಿದ್ದುವುದಾದರೆ ನಕಲನ್ನು ತಿದ್ದಿ, ಮೂಲವನ್ನು ಎರಡು ಕಡೆ ಇಡಿ. ಇನ್ನೊಂದು: ಆ ಹನ್ನೊಂದನೆಯ ಹಾಡಿನಲ್ಲಿ ತಂಗಿಯನ್ನು ಗಂಡನ ಮನೆಗೆ ಬಿಟ್ಟು ಬಂದ ಅಣ್ಣನೊಬ್ಬ, ಸಂಜೆ ಬೀಸುವ ಕಲ್ಲಿನ ಸದ್ದಿಲ್ಲದ ಮನೆಯಲ್ಲಿ ಉಣ್ಣಲಾರದೆ ಕೂರುತ್ತಾನೆ. ಹಾಸನದ ಕಡೆಯಿಂದ ಬಂದ ಯಾರ ಮನೆಯಲ್ಲಾದರೂ ಈ ಪದ ಗೊತ್ತಿರುವವರಿದ್ದರೆ ದಯಮಾಡಿ ಸಂಘಕ್ಕೆ ತಿಳಿಸಿ. ಮಾತುಗಳು ನನ್ನ ಬಳಿ ಇವೆ. ಕಾಳು ಎಲ್ಲಿ ಹಾಕಬೇಕೆಂಬುದು ಮಾತ್ರ ತಿಳಿಯಬೇಕಾಗಿದೆ.